ಚೋಕ್ ತೆಗೆದರೆ ನಿಲ್ಲುವ ಮೆಷಿನ್: ಒಂದು ಸೆಕೆಂಡ್ ಹ್ಯಾಂಡ್ ವೀಡ್ ಕಟರ್ ಪ್ರಕರಣ

ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ತೆಗೆದರೆ ನಿಲ್ಲುತ್ತದೆ. ಅರ್ಧ ಚೋಕ್‌ನಲ್ಲಿ ಹೇಗೋ ಓಡುತ್ತದೆ, ರೇಸ್ ಕೊಟ್ಟರೆ ಮುಗ್ಗರಿಸುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್ (ರೇಸ್ ಕೊಡದಾಗಿನ ಓಟ) ತಾನಾಗಿಯೇ ಏರುತ್ತದೆ, ಸ್ವಲ್ಪ ಹೊತ್ತಿಗೆ ಆಫ್. ಆಮೇಲೆ ತಣ್ಣಗಾಗುವವರೆಗೆ ಎಷ್ಟು ಹಗ್ಗ ಎಳೆದರೂ ಪ್ರಯೋಜನವಿಲ್ಲ.

ಹಳೆ ಟೂ ಸ್ಟ್ರೋಕ್ ವೀಡ್ ಕಟರ್ (ಕಳೆ ಕತ್ತರಿಸುವ ಮೆಷಿನ್) ಇಟ್ಟುಕೊಂಡವರಿಗೆ ಇದರಲ್ಲಿ ಒಂದಾದರೂ ಕಾಟ ಗೊತ್ತಿರುತ್ತದೆ. ಈ ಮೆಷಿನ್‌ನಲ್ಲಿ ಎಲ್ಲವೂ ಒಟ್ಟಿಗೆ ಇದ್ದವು. ಅದು ರಿಪೇರಿಗೆ ನನ್ನ ಬೆಂಚಿಗೆ ಬಂತು. ಮಾಲೀಕರ ಹೆಸರು, ಊರು, ಮೆಷಿನ್ ಕಂಪನಿ ಯಾವುದನ್ನೂ ಬರೆಯುವುದಿಲ್ಲ. ದಕ್ಷಿಣ ಕೊಡಗಿನ ಸಣ್ಣ ಕಾಫಿ ಬೆಳೆಗಾರರು ಎಂದಷ್ಟೇ ಸಾಕು. ನಮ್ಮ ಕಡೆ ಇಂಥ ಮೆಷಿನ್‌ಗಳು ಕೈಯಿಂದ ಕೈಗೆ ತುಂಬಾ ಓಡಾಡುತ್ತವೆ. ಹೆಚ್ಚಿನವು ಹಾಳಾಗುವುದು ಹಳೆಯದಾಯಿತೆಂದಲ್ಲ, ಕಾರಣ ಹುಡುಕದೆ ಸ್ಕ್ರೂ ತಿರುಗಿಸಿದ್ದಕ್ಕೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾಲ್ಕು ಎಕರೆ ರೊಬಸ್ಟಾ, ನಡುವೆ ಮರಗಳಿಗೆ ಹಬ್ಬಿದ ಕರಿಮೆಣಸು. ಕೆಲಸಕ್ಕೆ ಖಾಯಂ ಆಗಿ ಇರುವುದು ಒಬ್ಬನೇ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದಿತ್ತು. ಮಳೆ ಬಿಡುವು ಕೊಡಲು ಶುರುವಾಗಿತ್ತು. ಕಾಡು, ಅಂದರೆ ಕಳೆ, ಸೊಂಟದವರೆಗೆ ಬೆಳೆದಿತ್ತು. ಕಾಡು ಕಡಿಯದೆ ಬಿಟ್ಟರೆ ಗೊಬ್ಬರ ಹಾಕಲು ಆಗುವುದಿಲ್ಲ. ಮುಂದೆ ಕುಯ್ಲಿನ ಹೊತ್ತಿಗೆ ಉದುರಿದ ಹಣ್ಣು ಹೆಕ್ಕಲೂ ಆಗುವುದಿಲ್ಲ. ಹಣ್ಣು ನೆಲದಲ್ಲಿ ಉಳಿದರೆ ಕಾಯಿ ಕೊರೆಯುವ ಬೋರರ್ ಹುಳದ ಕಾಟ ಜಾಸ್ತಿಯಾಗುತ್ತದೆ. ಗುಂಪಿನ ಆಳುಗಳು ಸಿಗುವುದು ಕಷ್ಟ, ಸಿಕ್ಕರೂ ದಿನಗೂಲಿ ಕೈಗೆಟುಕುವುದಿಲ್ಲ. ಹಾಗಾಗಿ ಪರಿಚಯದವರೊಬ್ಬರು ತೋಟ ಮಾರಿ ಹೋಗುವಾಗ ಬಿಟ್ಟುಕೊಟ್ಟ ಹೆಗಲಿಗೆ ಹಾಕುವ ವೀಡ್ ಕಟರನ್ನು ಇವರು ಕೊಂಡುಕೊಂಡರು. ಸುಮಾರು 35 ಸಿಸಿ ಎಂಜಿನ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಡಯಾಫ್ರಮ್ (ತೆಳು ಪೊರೆ) ಇರುವಂಥದ್ದು. ಅದರಲ್ಲಿ ಪೆಟ್ರೋಲ್ ಅಳತೆ ಹೊಂದಿಸಲು ಎಲ್ (ಕಡಿಮೆ ವೇಗಕ್ಕೆ), ಎಚ್ (ಪೂರ್ತಿ ರೇಸ್‌ಗೆ) ಎಂಬ ಎರಡು ಸ್ಕ್ರೂ, ಪಕ್ಕದಲ್ಲಿ ಐಡ್ಲಿಂಗ್ ಸ್ಕ್ರೂ. ಮ್ಯಾನ್ಯುಯಲ್ ಇರಲಿಲ್ಲ.

ಕೊಟ್ಟವರು ಹೇಳಿದ್ದು ಸುಳ್ಳಲ್ಲ: "ಕಳೆದ ವರ್ಷ ಚೆನ್ನಾಗಿ ಓಡ್ತಿತ್ತು." ಆದರೆ ಆಮೇಲೆ ಇಡೀ ಮಳೆಗಾಲ ಅದು ಟ್ಯಾಂಕಲ್ಲಿ ಪೆಟ್ರೋಲ್ ಇದ್ದಂತೆಯೇ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು.

ನನ್ನ ಹತ್ತಿರ ಬರುವ ಮೊದಲು

ಬೆಳೆಗಾರರು ಸುಮ್ನೆ ಕೂತಿರಲಿಲ್ಲ. ಮೊದಲು ಪ್ಲಗ್ ಬದಲಿಸಿದ್ದರು. ಆಮೇಲೆ ಒಂದು ಅಂಗಡಿಯಲ್ಲಿ ಕಾರ್ಬೊರೇಟರ್ ಹೋಗಿದೆ ಎಂದು ಕಡಿಮೆ ಬೆಲೆಯ ನಕಲಿ ಕಾರ್ಬೊರೇಟರ್ ಹಾಕಿಕೊಟ್ಟಿದ್ದರು. ಎರಡು ದಿನ ಸ್ವಲ್ಪ ವಾಸಿ ಅನಿಸಿ ಮತ್ತೆ ಅದೇ ಕಥೆ. ಹಳೆ ಕಾರ್ಬೊರೇಟರನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು, ಅದು ಮುಂದೆ ತುಂಬಾ ಉಪಯೋಗಕ್ಕೆ ಬಂತು. ತೆಗೆದ ಹಳೆ ಭಾಗವನ್ನು ಎಂದೂ ಅಂಗಡಿಯಲ್ಲೇ ಬಿಟ್ಟು ಬರಬೇಡಿ.

ಮೂರನೆಯದು ನೆರೆಯವರ ಸಲಹೆ. "ಹಳೆ ಎಂಜಿನ್ ಅಲ್ವಾ, ಆಯಿಲ್ ಜಾಸ್ತಿ ಹಾಕಿ." ಪೆಟ್ರೋಲ್ ಲೀಟರಿಗೆ 80 ಎಂಎಲ್ ಟೂ ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಲು ಶುರು ಮಾಡಿದರು. ಪೆಟ್ರೋಲ್, ಆಯಿಲ್ ಅಳತೆ 50:1 ಎಂದರೆ ಲೀಟರಿಗೆ 20 ಎಂಎಲ್, 25:1 ಎಂದರೆ 40. ಇದು 12:1ರ ಹತ್ತಿರ ಹೋಯಿತು. ಎಂಜಿನ್‌ಗೆ ಒಳ್ಳೆಯದಾಗುತ್ತದೆ ಎಂದೇ ಮಾಡಿದ್ದು. ಆದರೆ ಕಾರ್ಬೊರೇಟರ್ ಜೆಟ್‌ನಲ್ಲಿ ಹೋಗುವ ಅಳತೆ ನಿಗದಿ. ಅದರಲ್ಲಿ ಆಯಿಲ್ ಜಾಗ ತಿಂದಷ್ಟೂ ಪೆಟ್ರೋಲ್ ಕಡಿಮೆ. ಜೊತೆಗೆ ಪೆಟ್ರೋಲ್-ಆಯಿಲ್ ಮಿಕ್ಸ್ ಮಂದವಾಗುತ್ತದೆ. ಅಂದರೆ ಪೆಟ್ರೋಲ್ ಸಾಲದೆ ಒದ್ದಾಡುತ್ತಿದ್ದ ಎಂಜಿನ್‌ಗೆ ಇನ್ನೂ ಕಡಿಮೆ ಪೆಟ್ರೋಲ್ ಸಿಕ್ಕಿತು. ಮೇಲಿಂದ ಸೈಲೆನ್ಸರ್ ಬಾಯಿಯ ಜಾಲರಿಯಲ್ಲಿ ಕಾರ್ಬನ್ ಕಟ್ಟಿತು.

ಇನ್ನೊಬ್ಬರು ಹೇಳಿದ ಕಾರಣ ಕೇಳಲು ಸರಿಯೆನಿಸುವಂಥದ್ದು: ಇದು ಕರಾವಳಿ ಕಡೆಯಿಂದ ಬಂದ ಮೆಷಿನ್, ಘಟ್ಟದ ಮೇಲೆ ಗಾಳಿ ತೆಳು, ಅದಕ್ಕೆ ಸೆಟ್ಟಿಂಗ್ ಕೂರುತ್ತಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು ನಿಜ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಆದರೆ ಗಾಳಿ ಕಡಿಮೆಯಾದರೆ ಗಾಳಿ-ಪೆಟ್ರೋಲ್ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗಬೇಕು, ಹೊಗೆ ಜಾಸ್ತಿಯಾಗಬೇಕು, ಪ್ಲಗ್ ಕಪ್ಪಾಗಬೇಕು. ಚೋಕ್ ತೆಗೆದರೆ ನಿಲ್ಲುವ ಎಂಜಿನ್ ತದ್ವಿರುದ್ಧ ಹೇಳುತ್ತಿದೆ. ಚೋಕ್ ಗಾಳಿಯನ್ನು ತಡೆಯುತ್ತದೆ. ಗಾಳಿ ತಡೆದಾಗ ಮಾತ್ರ ಓಡುತ್ತದೆ ಎಂದರೆ ಎಂಜಿನ್ ಲೀನ್ ಆಗಿದೆ. ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಬೇಡದ ಗಾಳಿ ಬರುತ್ತಿದೆ. ಹುಡುಕಾಟಕ್ಕೆ ದಿಕ್ಕು ಸಿಕ್ಕಿದ್ದು ಇಲ್ಲಿಂದಲೇ.

ಪೆಟ್ರೋಲ್ ದಾರಿ

ಟ್ಯಾಂಕಿನಲ್ಲಿದ್ದುದನ್ನೂ ಕ್ಯಾನಿನಲ್ಲಿ ಉಳಿದಿದ್ದುದನ್ನೂ ಪಾರದರ್ಶಕ ಬಾಟಲಿಗಳಿಗೆ ಸುರಿದು ಬೆಂಚಿನ ಮೇಲಿಟ್ಟೆ. ಒಂದು ಗಂಟೆಯಲ್ಲಿ ಕ್ಯಾನಿನ ಪೆಟ್ರೋಲ್ ಎರಡು ಪದರವಾಯಿತು. ಮೇಲೆ ಆಯಿಲ್ ಬಣ್ಣದ್ದು, ತಳದಲ್ಲಿ ಒಂದು ಬೆರಳಿನಷ್ಟು ಬಣ್ಣವಿಲ್ಲದ, ಮಬ್ಬು ಪದರ.

ಇದು ಗೊತ್ತಿರಬೇಕಾದ ವಿಷಯ. 2023ರಿಂದ ಹಂತಹಂತವಾಗಿ ನಮ್ಮ ಬಂಕ್‌ಗಳಿಗೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಅರ್ಧ ಖಾಲಿ ಕ್ಯಾನ್, ಸಡಿಲ ಮುಚ್ಚಳ, ಇಷ್ಟಿದ್ದರೆ ಸಾಕು. ನೀರು ಜಾಸ್ತಿಯಾದಾಗ ಅದು ಎಥೆನಾಲ್ ಜೊತೆ ಸೇರಿ ತಳಕ್ಕಿಳಿಯುತ್ತದೆ. ಟೂ ಟಿ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಎಲ್ಲಿ ಮಲಗಿರುತ್ತದೆ? ತಳದಲ್ಲಿ. ಅದು ಹೀರುವುದು ಆಯಿಲ್ ಇಲ್ಲದ ಆ ಪದರವನ್ನೇ. ಮಳೆಗಾಲ ಕಳೆದ ಮಿಕ್ಸನ್ನು ಉಳಿಸಲು ನೋಡುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉಳಿಸಲು ಹೋಗಿ ಒಂದು ಪಿಸ್ಟನ್ ಕಳೆದುಕೊಳ್ಳುತ್ತಾರೆ.

ಹೊಸ ಪೆಟ್ರೋಲ್‌ಗೆ ಲೀಟರಿಗೆ 20 ಎಂಎಲ್ ಒಳ್ಳೆಯ ಆಯಿಲ್ ಬೆರೆಸಿದೆ. ಟ್ಯಾಂಕಿನ ಫಿಲ್ಟರ್ ಕಪ್ಪಾಗಿತ್ತು, ಬದಲಿಸಿದೆ. ಪೆಟ್ರೋಲ್ ಪೈಪ್ ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಟ್ಯಾಂಕಿನ ರಬ್ಬರ್ ಬುಷ್ ದಾಟುವ ಜಾಗದಲ್ಲಿ ಬಗ್ಗಿಸಿ ನೋಡಿದಾಗ ಸಣ್ಣ ಬಿರುಕು ಬಾಯಿ ತೆರೆಯಿತು. ಪೈಪ್ ಪೂರ್ತಿ ಬದಲಿಸಿದೆ. ಟ್ಯಾಂಕಿಗೆ ಗಾಳಿ ಹೋಗುವ ಬ್ರೀದರ್ ಸರಿ ಇತ್ತು.

ನಕಲಿ ಕಾರ್ಬೊರೇಟರನ್ನು ಬದಿಗಿಟ್ಟು ಮೂಲದ್ದನ್ನು ಬಿಚ್ಚಿದೆ. ಅದರ ಡಯಾಫ್ರಮ್ ಬೆರಳಲ್ಲಿ ಒತ್ತಿದರೆ ಸರಸರ ಸದ್ದು ಮಾಡುವಷ್ಟು ಗಟ್ಟಿಯಾಗಿತ್ತು, ಅದು ಮೆತ್ತಗೆ ಬಗ್ಗಬೇಕು. ಪಂಪ್ ಬದಿಯ ಪುಟ್ಟ ಜಾಲರಿಯಲ್ಲಿ ಕಸ. ಕಿಟ್ ತರಿಸಿ ಡಯಾಫ್ರಮ್, ಸೂಜಿ, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದೆ. ಗ್ಯಾಸ್ಕೆಟ್ ಕೂರಿಸುವಾಗ ಒಂದು ಎಚ್ಚರ ಬೇಕು. ಕ್ರ್ಯಾಂಕ್‌ಕೇಸ್‌ನ (ಪಿಸ್ಟನ್ ಕೆಳಗಿನ ಮುಚ್ಚಿದ ಕೋಣೆಯ) ಒತ್ತಡದ ಮಿಡಿತ ಒಂದು ಸಣ್ಣ ತೂತಿನ ಮೂಲಕ ಕಾರ್ಬೊರೇಟರ್‌ನ ಪಂಪಿಗೆ ಬರುತ್ತದೆ. ಗ್ಯಾಸ್ಕೆಟ್ ತಿರುಗಿಸಿ ಹಾಕಿದರೆ ಆ ತೂತು ಮುಚ್ಚಿ ಪೆಟ್ರೋಲ್ ಮೇಲೇರುವುದೇ ಇಲ್ಲ.

ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ 115 ಪಿಎಸ್‌ಐ ತೋರಿಸಿತು, ಹಳೆ ಮೆಷಿನ್‌ಗೆ ಚೆನ್ನಾಗಿಯೇ ಇದೆ. ಸೈಲೆನ್ಸರ್ ಬಿಚ್ಚಿ ಆ ಬಾಯಿಯಿಂದ ಟಾರ್ಚ್ ಹಾಕಿ ಪಿಸ್ಟನ್ ನೋಡಿದೆ. ಎಕ್ಸಾಸ್ಟ್ ಬದಿಯಲ್ಲಿ ಉದ್ದಕ್ಕೆ ತೆಳುವಾದ ಗೀರುಗಳು. ರಿಂಗ್ ಅಂಟಿಕೊಂಡಿರಲಿಲ್ಲ. ಗೀರು ಸುತ್ತಲೂ ಇದ್ದಿದ್ದರೆ ಆಯಿಲ್ ಇಲ್ಲದೆ ಓಡಿಸಿದ್ದಾರೆ ಎನ್ನಬಹುದಿತ್ತು. ಎಕ್ಸಾಸ್ಟ್ ಬದಿಗೆ ಮಾತ್ರ ಇದ್ದರೆ ಹೆಚ್ಚಾಗಿ ಲೀನ್ ಆಗಿ ಸುಟ್ಟ ಬಿಸಿಯ ಗುರುತು. ಜಾಲರಿಯ ಕಾರ್ಬನ್ ತೆಗೆದು, ಹೊಸ ಪ್ಲಗ್ ಹಾಕಿ ಜೋಡಿಸಿದೆ.

ಓಡಿತು, ಆದರೆ

ಎಲ್ ಮತ್ತು ಎಚ್ ಎರಡನ್ನೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೊಂದು ಸುತ್ತು ಹೊರಗೆ ಬಿಟ್ಟೆ. ಹೆಚ್ಚಿನ ಇಂಥ ಕಾರ್ಬೊರೇಟರ್‌ಗೆ ಶುರು ಮಾಡಲು ಇಷ್ಟು ಸರಿ. ಮೆಷಿನ್ ಚೋಕ್ ಇಲ್ಲದೆಯೂ ಓಡಿತು, ದೊಡ್ಡ ಸುಧಾರಣೆ. ಆದರೆ ರೇಸ್ ಕೊಟ್ಟಾಗ ಇನ್ನೂ ಮುಗ್ಗರಿಸುತ್ತಿತ್ತು. ರೇಸ್ ಬಿಟ್ಟರೂ ತಕ್ಷಣ ಇಳಿಯದೆ ಒಂದೆರಡು ಸೆಕೆಂಡ್ ಮೇಲೆಯೇ ನಿಲ್ಲುತ್ತಿತ್ತು. ಪ್ಲಗ್ ತೆಗೆದು ನೋಡಿದರೆ ತುದಿ ಸುಣ್ಣದ ಹಾಗೆ ಬೆಳ್ಳಗೆ. ಅದು ತಿಳಿ ಕಂದು ಇರಬೇಕು.

ಎಚ್ ಸ್ಕ್ರೂ ಬಿಡುತ್ತಾ ಹೋದೆ. ಎರಡು ಸುತ್ತು ದಾಟಿ ಮೂರರ ಹತ್ತಿರ ಬಂದಾಗ ಎಂಜಿನ್ ಚೆಂದಾಗಿ ರೇಸ್ ತೆಗೆದುಕೊಂಡಿತು. ಮುಗ್ಗರಿಸುವುದು ನಿಂತಿತು. ಬೆಳೆಗಾರರು ಅಲ್ಲೇ ನಿಂತಿದ್ದರು.

"ಓಡ್ತಾ ಇದೆಯಲ್ಲ ಮಾರಾಯ್ರೆ, ಇನ್ನೇನು ನೋಡೋದುಂಟು? ಕೊಡಿ, ಒಯ್ತೇನೆ."

ಈ ಪ್ರಕರಣದ ಮುಖ್ಯ ತಿರುವು ಇದೇ. ಕಾಡು ಬೆಳೆಯುತ್ತಿದೆ, ಆಳು ಸುಮ್ನೆ ಕೂತಿದ್ದಾನೆ, ಮೆಷಿನ್ ಓಡುತ್ತಿದೆ. ಕೊಟ್ಟು ಕಳಿಸುವುದು ಸುಲಭ. ಆದರೆ ಒಂದೂಕಾಲು ಸುತ್ತಿನ ಆಸುಪಾಸಿನಲ್ಲಿ ಸರಿಯಾಗಬೇಕಾದ ಸ್ಕ್ರೂ ಮೂರು ಸುತ್ತು ಕೇಳುತ್ತಿದೆ ಎಂದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ. ಜಾಸ್ತಿ ಪೆಟ್ರೋಲ್ ಸುರಿದು ಅದನ್ನು ಮುಚ್ಚಿದ್ದೇವೆ, ಅಷ್ಟೇ. ಎಂಜಿನ್ ಬಿಸಿಯಾದಂತೆ ಸೋರಿಕೆ ದೊಡ್ಡದಾದರೆ ಮತ್ತೆ ಲೀನ್ ಆಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಪಿಸ್ಟನ್‌ನಲ್ಲಿ ಆಗಲೇ ಗೀರು ಬಿದ್ದಿದೆ. ಹೀಗೆ ಬಿಡಿಸಿ ಹೇಳಿದ ಮೇಲೆ ಅವರು ಒಪ್ಪಿದರು. ಬೇಸರದಿಂದಲೇ ಒಪ್ಪಿದರು ಅನ್ನಿ, ಆದರೆ ಒಪ್ಪಿದರು.

ಮೆಷಿನ್ ಹಿಡಿಯುವವನ ಮಾತು

ಅವರ ಜೊತೆ ತೋಟದಲ್ಲಿ ಮೆಷಿನ್ ಓಡಿಸುವ ಹುಡುಗನೂ ಬಂದಿದ್ದ. ಅಷ್ಟು ಹೊತ್ತು ಮಾತಾಡಿರಲಿಲ್ಲ. ಈಗ ಅವನೇ ಹೇಳಿದ: "ಸಾವ್ಕಾರ್ರೆ, ಮೇಲಕ್ಕೆ ಮುಖ ಮಾಡಿ ಹೊಡೆಯುವಾಗ ಒಂದು ಸೌಂಡ್, ಕೆಳಕ್ಕೆ ಬಗ್ಗಿಸಿದ್ರೆ ಇನ್ನೊಂದು ಸೌಂಡ್ ಬರ್ತದೆ. ಮೊದ್ಲೇ ಹೇಳಿದ್ದೆನಲ್ಲ."

ಮೊದಲೇ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮೆಷಿನನ್ನು ದಿನವಿಡೀ ಹೆಗಲಲ್ಲಿ ಹೊತ್ತವನ ಕಿವಿಗಿಂತ ಒಳ್ಳೆಯ ಮೀಟರ್ ನನ್ನ ಬೆಂಚಿನಲ್ಲಿಲ್ಲ. ಈಗ ರಿಪೇರಿಗೆ ಮೆಷಿನ್ ಬಂದರೆ ನಾನು ಮೊದಲು ಕೇಳುವುದು ಓಡಿಸುವವರನ್ನೇ.

ಬಗ್ಗಿಸಿದಾಗ ಸೌಂಡ್ ಬದಲಾಗಲು ಎರಡು ಕಾರಣ ಇರಬಹುದು. ಒಂದು, ಟ್ಯಾಂಕಿನ ಪೈಪ್ ಗಟ್ಟಿಯಾಗಿ ಫಿಲ್ಟರ್ ಪೆಟ್ರೋಲ್ ಇರುವ ಕಡೆಗೆ ಬೀಳುತ್ತಿಲ್ಲ. ಪೈಪ್, ಫಿಲ್ಟರ್ ಎರಡೂ ಹೊಸದು, ಹಾಗಾಗಿ ಅದಲ್ಲ. ಇನ್ನೊಂದು ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ. ವೀಡ್ ಕಟರ್‌ನಲ್ಲಿ ಕ್ರ್ಯಾಂಕ್ ಇರುವುದು ಉದ್ದ ಪೈಪಿನ ನೇರಕ್ಕೆ. ಇಳಿಜಾರಿನಲ್ಲಿ ಮೇಲೆ ಕೆಳಗೆ ಬಗ್ಗಿಸಿದಾಗ ಕ್ರ್ಯಾಂಕ್ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಅದರ ಸುತ್ತ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲ್, ಸವೆದಿದ್ದರೆ ಒಂದು ಕಡೆ ಸರಿದಾಗ ಸೋರುತ್ತದೆ, ಇನ್ನೊಂದು ಕಡೆ ಸರಿದಾಗ ಕೂರುತ್ತದೆ. ಬೆಂಚಿನ ಮೇಲೆ ಐಡ್ಲಿಂಗ್‌ನಲ್ಲಿಟ್ಟು ಬಗ್ಗಿಸಿ ನೋಡಿದೆ. ಹುಡುಗ ಹೇಳಿದ್ದು ಅಕ್ಷರಶಃ ನಿಜ.

ಸೋರಿಕೆ ಹುಡುಕಿದ್ದು

ಮೊದಲು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ. ಓಡುವ ಎಂಜಿನ್‌ನ ಕಾರ್ಬೊರೇಟರ್ ಬುಡ, ಗ್ಯಾಸ್ಕೆಟ್ ಸುತ್ತ ಸ್ವಲ್ಪ ಸ್ವಲ್ಪ ಹೊಡೆದರೆ, ಸೋರುವ ಜಾಗ ಸಿಕ್ಕಿದಾಗ ಸೌಂಡ್ ಬದಲಾಗುತ್ತದೆ. ಬೆಂಕಿ ಹತ್ತುವ ವಸ್ತು, ಬಿಸಿ ಸೈಲೆನ್ಸರ್ ಪಕ್ಕ ಇದನ್ನು ಮಾಡುವಾಗ ತುಂಬಾ ಜಾಗ್ರತೆ ಬೇಕು. ಸೌಂಡ್ ಬದಲಾಗಲಿಲ್ಲ. ಆದರೆ ಫ್ಲೈವೀಲ್ (ಕ್ರ್ಯಾಂಕ್ ತುದಿಯ ಫ್ಯಾನ್ ಚಕ್ರ) ಹಿಂದಿನ ಸೀಲಿಗೆ ಈ ಸ್ಪ್ರೇ ತಲುಪುವುದಿಲ್ಲ, ಫ್ಯಾನ್ ಅದನ್ನು ಹೊರಗೆ ಊದುತ್ತದೆ. ಹಾಗಾಗಿ ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ.

ಸೈಲೆನ್ಸರ್ ಬಾಯಿಗೆ ರಬ್ಬರ್ ಶೀಟ್ ಇಟ್ಟು ಪ್ಲೇಟ್ ಬಿಗಿದೆ. ಕಾರ್ಬೊರೇಟರ್ ಜಾಗಕ್ಕೆ ಪೈಪ್ ಕೂರುವ ಇನ್ನೊಂದು ಪ್ಲೇಟ್. ಕೈಪಂಪಿನಿಂದ ಅರ್ಧ ಬಾರ್, ಅಂದರೆ ಸುಮಾರು 7 ಪಿಎಸ್‌ಐ ಗಾಳಿ ತುಂಬಿದೆ. ಪಂಪಿನ ಗೇಜಿನ ಮುಳ್ಳು ಅಲುಗಲಿಲ್ಲ. ಸೋಪಿನ ನೀರಲ್ಲಿ ಒಂದು ಗುಳ್ಳೆಯೂ ಇಲ್ಲ.

ಹೆಚ್ಚಿನವರು ಇಲ್ಲಿ ಸೀಲ್ ಸರಿ ಇದೆ ಎಂದು ಮುಗಿಸುತ್ತಾರೆ. ಆದರೆ ಸೀಲಿನ ತುಟಿ ಒಳಮುಖವಾಗಿರುತ್ತದೆ. ಒಳಗಿನ ಒತ್ತಡ ಅದನ್ನು ಕ್ರ್ಯಾಂಕಿಗೆ ಒತ್ತಿ ಹಿಡಿಯುತ್ತದೆ, ಆಗ ಸವೆದ ಸೀಲೂ ತಡೆಯಬಲ್ಲದು. ಪಿಸ್ಟನ್ ಮೇಲೇರುವಾಗ ಒಳಗೆ ವ್ಯಾಕ್ಯೂಮ್ ಆಗುತ್ತದೆ, ಆಗ ಅದೇ ತುಟಿ ಸಡಿಲವಾಗುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವುದೂ ಆಗಲೇ. ಆದ್ದರಿಂದ ಪಂಪನ್ನು ವ್ಯಾಕ್ಯೂಮ್‌ಗೆ ತಿರುಗಿಸಿ ಅರ್ಧ ಬಾರ್ ಎಳೆದೆ. ಮುಳ್ಳು ಕಣ್ಣೆದುರೇ ಇಳಿಯತೊಡಗಿ ಕೆಲವೇ ಸೆಕೆಂಡ್‌ಗಳಲ್ಲಿ ಸೊನ್ನೆಗೆ ಬಂತು.

ವ್ಯಾಕ್ಯೂಮ್‌ನಲ್ಲಿ ಗುಳ್ಳೆ ಬರುವುದಿಲ್ಲ, ಜಾಗ ಹೇಗೆ ಗೊತ್ತಾಗಬೇಕು? ಸ್ಟಾರ್ಟರ್ ಬದಿಯ ಸೀಲಿಗೆ ಒಂದು ಹನಿ ಆಯಿಲ್ ಬಿಟ್ಟು ಎಳೆದೆ, ಮುಳ್ಳು ಹಾಗೇ ಇಳಿಯಿತು. ಫ್ಲೈವೀಲ್ ಬಿಚ್ಚಿ ಆ ಬದಿಗೆ ಬಿಟ್ಟೆ. ಹನಿ ಕ್ರ್ಯಾಂಕ್ ಸುತ್ತ ಒಮ್ಮೆ ಹರಡಿ ನಿಂತಿತು, ಮುಳ್ಳೂ ಒಂದು ಕ್ಷಣ ನಿಂತಿತು. ಆಮೇಲೆ ಹನಿ ಒಳಗೆ ಹೀರಿಕೊಂಡು ಹೋಯಿತು, ಮುಳ್ಳು ಮತ್ತೆ ಇಳಿಯಿತು. ಸೀಲ್ ತೆಗೆದು ನೋಡಿದರೆ ತುಟಿ ಗಟ್ಟಿಯಾಗಿ, ಒಂದು ಕಡೆ ಉಗುರಿನ ತುದಿಯಷ್ಟು ಹರಿದಿತ್ತು. ಅದರ ಮೇಲೆ ಹುಲ್ಲಿನ ನಾರು, ಮಣ್ಣು ಮೆತ್ತಿಕೊಂಡಿತ್ತು.

ಒಂದೇ ಸೀಲ್ ಹೋಗಿದ್ದರೂ ಎರಡೂ ಬದಲಿಸಿದೆ, ಎರಡರ ವಯಸ್ಸೂ ಒಂದೇ ಅಲ್ವಾ. ಸೀಲಿನ ಅಳತೆ ಅದರ ಮೇಲೇ ಅಚ್ಚಾಗಿರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಕಂಪನಿ ಪಾರ್ಟ್ ಸಿಗದಿದ್ದರೆ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು, ಪೆಟ್ರೋಲ್ ತಡೆಯುವ ರಬ್ಬರಿನದೇ ಬೇಕು ಎಂದು ಹೇಳಿ. ಎರಡು ಸೀಲಿಗೆ ಆದ ಖರ್ಚು ಆ ನಕಲಿ ಕಾರ್ಬೊರೇಟರ್ ಬೆಲೆಗಿಂತ ಕಡಿಮೆ. ಫ್ಲೈವೀಲ್ ವಾಪಸ್ ಹಾಕುವಾಗ ಅದನ್ನು ಕ್ರ್ಯಾಂಕಿಗೆ ಕೂರಿಸುವ ಕೀ ತುಂಡಾಗಿಲ್ಲ ಎಂದು ನೋಡಿ, ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವೆ 0.3 ಮಿಲಿಮೀಟರ್ ಅಂತರ ಇಟ್ಟೆ. ಪ್ಲಗ್ ಅಂತರ 0.6. ಮತ್ತೆ ವ್ಯಾಕ್ಯೂಮ್ ಎಳೆದಾಗ ಮುಳ್ಳು ನಿಂತಲ್ಲೇ ನಿಂತಿತು.

ಟ್ಯೂನಿಂಗ್

ಟ್ಯೂನಿಂಗ್ ಮಾಡಬೇಕಾದ್ದು ಈಗ. ಅದಕ್ಕೂ ಮೊದಲು ಗಾರ್ಡ್ ವಾಪಸ್ ಹಾಕಿಸಿದೆ. ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿಟ್ಟಿದ್ದರು. ಗಾರ್ಡ್ ಅಂಚಿನ ಬ್ಲೇಡ್ ನೈಲಾನ್ ದಾರವನ್ನು ಅಳತೆಗೆ ಕತ್ತರಿಸುತ್ತದೆ. ಅದಿಲ್ಲದೆ ದಾರ ಉದ್ದವಾಗಿ, ಎಂಜಿನ್ ಮೇಲೆ ಹೊರೆ ಬಿದ್ದು, ಪೂರ್ತಿ ರೇಸ್‌ನಲ್ಲೂ ಎಳೆಯದೆ ಬಿಸಿಯಾಗುತ್ತದೆ. ಕಲ್ಲು ಕಣ್ಣಿಗೆ ಹಾರುವ ಅಪಾಯ ಬೇರೆ.

ಐದು ನಿಮಿಷ ಬಿಸಿಯಾದ ಮೇಲೆ ಮೊದಲು ಎಲ್ ಸ್ಕ್ರೂ. ಒಳಗೆ ತಿರುಗಿಸಿ ಎಂಜಿನ್ ತೊದಲುವ ಜಾಗ ನೋಡಿದೆ, ಹೊರಗೆ ಬಿಟ್ಟು ಮಂದವಾಗುವ ಜಾಗ ನೋಡಿದೆ. ಅವೆರಡರ ನಡುವೆ, ಸ್ವಲ್ಪ ರಿಚ್ ಕಡೆಗೆ ನಿಲ್ಲಿಸಿದೆ. ಆಮೇಲೆ ಐಡ್ಲಿಂಗ್ ಸ್ಕ್ರೂ. ಎಂಜಿನ್ ನಿಲ್ಲಬಾರದು, ದಾರದ ಹೆಡ್ ತಿರುಗಲೂಬಾರದು. ಕೊನೆಗೆ ಎಚ್. ಪೂರ್ತಿ ರೇಸ್‌ನಲ್ಲಿ ಹೊರಗೆ ಬಿಡುತ್ತಾ ಹೋದರೆ ಸೌಂಡ್ ಬಡಬಡ ಎಂದು ಒಡೆಯುತ್ತದೆ. ಅಲ್ಲಿಂದ ಮೆಲ್ಲಗೆ ಒಳಗೆ ತಂದರೆ ಸ್ವಚ್ಛವಾಗುತ್ತದೆ. ಅಲ್ಲಿ ನಿಲ್ಲಿಸದೆ ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಟ್ಟೆ. ಖಾಲಿ ಓಡುವಾಗ ಸ್ವಲ್ಪ ಬಡಬಡ ಇರಲಿ, ಹುಲ್ಲಿಗೆ ಇಟ್ಟಾಗ ಸ್ವಚ್ಛವಾದರೆ ಅದೇ ಸರಿ. ಕೀರಲು ಸೌಂಡಿಗೆ ಆಸೆ ಪಟ್ಟು ಇನ್ನೂ ಒಳಗೆ ತಿರುಗಿಸುವುದನ್ನು ನಾನು ಕಂಡಲ್ಲೆಲ್ಲ ತಡೆಯುತ್ತೇನೆ. ಆ ಸೌಂಡ್ ಶಕ್ತಿಯದಲ್ಲ, ಲೀನ್ ಆದ ಎಂಜಿನ್‌ನದು. ಪ್ಲಗ್ ವೈರಿಗೆ ಸುತ್ತಿ ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಇದ್ದರೆ ಕಿವಿಯ ಲೆಕ್ಕ ಸರಿಯೋ ಎಂದು ನೋಡಿಕೊಳ್ಳಬಹುದು.

ಎಚ್ ನಿಂತದ್ದು ಒಂದೂಕಾಲು ಸುತ್ತಿನಲ್ಲಿ, ಎಲ್ ಒಂದರ ಹತ್ತಿರ.

ತೋಟದಲ್ಲಿ

ಬೆಂಚಿನ ಮೇಲೆ ಸರಿಯಾದದ್ದು ಇಳಿಜಾರಿನಲ್ಲಿ ಕೈಕೊಡಬಹುದು. ಹಾಗಾಗಿ ತೋಟಕ್ಕೇ ಹೋದೆ. ಹುಡುಗ ಒಂದು ಟ್ಯಾಂಕ್ ಖಾಲಿಯಾಗುವವರೆಗೆ ಹೊಡೆದ. ಮೇಲಕ್ಕೆ, ಕೆಳಕ್ಕೆ, ಎರಡೂ ಕಡೆ ಒಂದೇ ಸೌಂಡ್. ಬಿಸಿಯಲ್ಲಿ ನಿಲ್ಲಿಸಿ ಹಗ್ಗ ಎಳೆದಾಗ ಮತ್ತೆ ಹಿಡಿಯಿತು. ಪೂರ್ತಿ ರೇಸ್‌ನಲ್ಲಿ ಕಡಿಯುತ್ತಿದ್ದಾಗಲೇ ಸ್ವಿಚ್ ಆಫ್ ಮಾಡಿಸಿ ಪ್ಲಗ್ ತೆಗೆದು ನೋಡಿದೆ. ತಿಳಿ ಕಂದು.

ಮೆಣಸಿನ ಬಳ್ಳಿಯ ಬುಡದಲ್ಲಿ, ಎಳೆ ಕಾಫಿ ಗಿಡದ ಸುತ್ತ ಮಾತ್ರ ಕತ್ತಿಯಲ್ಲೇ ಕಡಿಯಲು ಹೇಳಿ ಬಂದೆ. ನೈಲಾನ್ ದಾರ ಒಮ್ಮೆ ತಾಗಿದರೂ ಬಳ್ಳಿ ಹೋಗುತ್ತದೆ, ಎಳೆ ಗಿಡದ ತೊಗಟೆ ಸುಲಿಯುತ್ತದೆ.

ಮಿಕ್ಸ್ ವಿಷಯದಲ್ಲಿ ಅವರು ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸುತ್ತಾರೆ, ಬಿಗಿ ಮುಚ್ಚಳದ ಸಣ್ಣ ಕ್ಯಾನಿನಲ್ಲಿ ಇಡುತ್ತಾರೆ. ಕೆಲಸ ಮುಗಿದು ಮೆಷಿನ್ ಒಳಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಒಣಗುವವರೆಗೆ ಓಡಿಸುತ್ತಾರೆ. ಐಡ್ಲಿಂಗ್ ತಾನಾಗಿ ಏರಿದರೆ ತಕ್ಷಣ ನಿಲ್ಲಿಸು, ಸ್ಕ್ರೂ ಮುಟ್ಟಬೇಡ ಎಂದು ಹುಡುಗನಿಗೂ ಹೇಳಿದ್ದೇವೆ.

ಪಿಸ್ಟನ್‌ನ ಗೀರು ಹಾಗೇ ಇದೆ. ಸೀಲ್ ಬದಲಿಸಿದ್ದರಿಂದ ಅದು ಹೋಗುವುದಿಲ್ಲ. ಕುಯ್ಲು ಮುಗಿದ ಮೇಲೆ ಮತ್ತೆ ಗೇಜ್ ಹಾಕಿ ನೋಡೋಣ ಎಂದಿದ್ದೇನೆ. ಈಗಿನ 115 ಅಷ್ಟೇ ಇದ್ದರೆ ಇನ್ನೂ ಓಡಿಸಬಹುದು. 90ಕ್ಕಿಂತ ಕೆಳಗೆ ಇಳಿದಿದ್ದರೆ ಸಿಲಿಂಡರ್, ಪಿಸ್ಟನ್ ಸೆಟ್ ಹಾಕಬೇಕು. ಅದಕ್ಕೆ ದುಡ್ಡು ಹಾಕುವುದೋ ಹೊಸ ಮೆಷಿನ್ ಕೊಳ್ಳುವುದೋ ಎಂದು ಆಗ ಕೂತು ಲೆಕ್ಕ ಮಾಡುತ್ತೇವೆ.